ನೀರಾದ ಹರಳಿನ ಪ್ರಕರಣ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಖನಿಜ ಸಂಗ್ರಹಾಲಯದ ನಿರ್ದೇಶಕರು ಠಾಣೆಗೆ ಬಂದು ದೂರು ಕೊಟ್ಟರು. ತಮ್ಮಲ್ಲಿದ್ದ ಅಪರೂಪದ ಹರಳೊಂದನ್ನು ಯಾರೋ ಬೇಕೆಂದೇ ಹಾಳುಮಾಡಿದ್ದಾರೆ ಎಂಬುದು ದೂರಿನ ಸಾರ. ಆ ಠಾಣೆಗೆ ಬರುವುದೆಲ್ಲ ಸೈಕಲ್ಲು, ಮೊಬೈಲು, ಕಾಂಪೌಂಡಿನ ಜಗಳ, ಪಕ್ಕದ ಮನೆ ನಾಯಿ. ಕಲ್ಲು ಹಾಳಾಯಿತೆಂದು ಯಾರೂ ಮೆಟ್ಟಿಲು ಹತ್ತಿದವರಲ್ಲ. ದೂರು ಬರೆದುಕೊಳ್ಳುತ್ತಿದ್ದ ಪೇದೆಗೆ ಅಲ್ಲಿ ಎಲ್ಲರೂ ಕರೆಯುವುದು ರೇಡಿಯೋ ಅಂತ. ಬಾಯಿಗೆ ಬಿಡುವು ಕೊಟ್ಟವನೇ ಅಲ್ಲ. ಕಲ್ಲು ಕೆಡೋಕೆ ಅದೇನು ಹಾಲಾ ಸಾರ್ ಎಂದು ಕೇಳಿಯೇ ಬಿಟ್ಟ. ನಿರ್ದೇಶಕರ ಮುಖ ಕೆಂಪಾಯಿತು. ಇನ್‌ಸ್ಪೆಕ್ಟರ್ ಕಣ್ಣಲ್ಲೇ ಅವನ ಬಾಯಿ ಮುಚ್ಚಿಸಿ ನಿರ್ದೇಶಕರಿಗೆ ಕುರ್ಚಿ ತೋರಿಸಿದರು. ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಈ ಕಲ್ಲು ಕೆಡುತ್ತದೆ ಎಂದು ನಿರ್ದೇಶಕರು ಬಿಡಿಸಿ ಹೇಳಿದರು. ಸೀಮೆಸುಣ್ಣ, ಅಮೃತಶಿಲೆ ಇವೆಲ್ಲ ಕಾರ್ಬೊನೇಟ್ ಎಂಬ ಒಂದೇ ಕುಲದವು. ಹುಳಿ ಆಮ್ಲದ ಹನಿ ಬಿದ್ದರೆ ನೊರೆ ಉಕ್ಕಿಸುತ್ತವೆ. ಅದೇ ಕುಲದಲ್ಲಿ ಕೆಲವು ಹರಳುಗಳು ನೀರನ್ನೂ ತಮ್ಮೊಳಗೆ ಕಟ್ಟಿಕೊಂಡು ಬೆಳೆಯುತ್ತವೆ. ಇದು ಅಂಥದ್ದು, ಮಂಜುಗಟ್ಟುವ ಕೆರೆಯೊಂದರ ತಳದ ಕೆಸರಿನಲ್ಲಿ ಸಿಕ್ಕಿದ್ದು. ಚಳಿಯಲ್ಲಿದ್ದರೆ ಕಲ್ಲು. ನಾವು ನೀವು ಕೂರುವಂಥ ಕೋಣೆಯಲ್ಲಿ ಒಂದಿಷ್ಟು ಹೊತ್ತು ಇಟ್ಟರೆ ಕಟ್ಟಿಕೊಂಡ ನೀರನ್ನು ಬಿಟ್ಟುಕೊಟ್ಟು, ಬಿಳಿ ಹಿಟ್ಟಾಗಿ ಕೂರುತ್ತದೆ. ಮತ್ತೆ ತಣ್ಣಗೆ ಮಾಡಿದರೆ ಹಿಟ್ಟು ಹಿಟ್ಟೇ.

ಇಷ್ಟಾದರೆ ನಿರ್ದೇಶಕರು ಇಲ್ಲಿಗೆ ಬರುತ್ತಿರಲಿಲ್ಲವೇನೋ. ಈ ಹರಳಿಗೆ ಜೇನಿನ ಬಣ್ಣ ಇತ್ತು, ಇಂಥ ಬೇರೆ ಹರಳುಗಳಿಗೆ ಅದಿರಲಿಲ್ಲ. ಇದು ಜಗತ್ತು ಇದುವರೆಗೆ ಕಾಣದ ಹೊಸ ಖನಿಜವೇ ಇರಬಹುದೆಂಬ ಆಸೆ ಎಲ್ಲರಿಗೂ. ಪರೀಕ್ಷೆ ಮಾಡಿ ತೀರ್ಮಾನ ಹೇಳಲು ಬುಧವಾರ ಹೊರಗಿನಿಂದ ತಜ್ಞರು ಬರುವವರಿದ್ದರು. ಹರಳನ್ನು ತಂದವರು ಸಂಗ್ರಹಾಲಯಕ್ಕಾಗಿ ಕೆರೆ ತಳ ಕೊರೆಯುತ್ತಿದ್ದ ಮೇಸ್ತ್ರಿ. ಈಗ ಹಾಸಿಗೆ ಹಿಡಿದಿದ್ದಾರೆ. ಕಂಡುಹಿಡಿದವರು ತಮ್ಮ ಹೆಸರನ್ನೇ ಖನಿಜಕ್ಕೆ ಇಟ್ಟುಕೊಳ್ಳುವ ಪದ್ಧತಿ ಇಲ್ಲ, ಬೇರೆಯವರದನ್ನು ಸೂಚಿಸಬಹುದು. ಹೊಸದೆಂದು ಗೊತ್ತಾದರೆ ತೀರಿಹೋದ ತನ್ನ ಹೆಂಡತಿಯ ಹೆಸರಿಡಬೇಕೆಂದು ಮುದುಕರು ಕೇಳಿಕೊಂಡಿದ್ದರು. ಅವರ ಮಗಳೇ ಸಂಗ್ರಹಾಲಯದಲ್ಲಿ ಮಾದರಿಗಳ ಮೇಲ್ವಿಚಾರಕಿ.

‘ವೈದ್ಯರು ಕೈ ಚೆಲ್ಲಿ ಆಗಿದೆ. ಬುಧವಾರಕ್ಕೋಸ್ಕರ ಜೀವ ಹಿಡ್ಕೊಂಡಿದಾರೆ ಆ ಮನುಷ್ಯ,’ ಎಂದರು ನಿರ್ದೇಶಕರು. ಅಷ್ಟು ಹೊತ್ತಿಗೆ ರೇಡಿಯೋನ ಪೆನ್ನೂ ನಿಂತಿತ್ತು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಲೈಬ್ರರಿಯ ಗುಮಾಸ್ತ ಮತ್ತು ತೋಟದ ಮಾಲಿ ಪಂಚರು. ನೆಲಮಾಳಿಗೆಯ ಕೋಣೆಯಲ್ಲಿ ಗಾಜಿನ ಬಾಗಿಲಿನ ಶೀತ ಕಪಾಟು, ಒಳಗೆ ನಾಲ್ಕು ಅಂತಸ್ತು, ಪ್ರತಿ ಅಂತಸ್ತಿನಲ್ಲೂ ನಂಬರು ಅಂಟಿಸಿದ ಪುಟ್ಟ ಪುಟ್ಟ ತಟ್ಟೆಗಳು. ಹರಳಿನ ತಟ್ಟೆ ಮೂರನೆಯ ಅಂತಸ್ತಿನಲ್ಲಿತ್ತು. ಅದರಲ್ಲಿ ಒಂದು ಹಿಡಿ ಬಿಳಿ ಹಿಟ್ಟು, ಸುತ್ತ ಗಟ್ಟಿಯಾಗಿ ಹೆಪ್ಪುಗಟ್ಟಿದ ನೀರು. ಇನ್‌ಸ್ಪೆಕ್ಟರ್ ಬೆರಳಿಟ್ಟು ನೋಡಿದರು. ನಿರ್ದೇಶಕರು ಕಪಾಟಿನ ಕಡೆ ತಿರುಗಿಯೂ ನೋಡದೆ ಗೋಡೆಗೆ ಒರಗಿ ನಿಂತುಬಿಟ್ಟಿದ್ದರು, ಸಾವಿನ ಮನೆಗೆ ಬಂದವರ ಹಾಗೆ. ಬಾಗಿಲ ಬಳಿ ಬೂದು ಕೋಟು ತೊಟ್ಟ ಹೆಂಗಸು. ಮೇಲ್ವಿಚಾರಕಿ. ನಲವತ್ತರ ಆಸುಪಾಸು. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ. ಶನಿವಾರ ಸಂಜೆ ಬೀಗ ಹಾಕಿ ಹೋದೆ, ಭಾನುವಾರ ರಜೆ, ಇವತ್ತು ನಿರ್ದೇಶಕರು ಕೂಗಿದ ಮೇಲೆ ಬಂದೆ. ತಂದೆಗೆ ವಿಷಯ ತಿಳಿಸಿದಿರಾ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಕರೆಂಟು ಹೋಗಿ ಹಾಳಾಯಿತಂತೆ ಎಂದು ಹೇಳಬೇಕೆಂದಿದ್ದೇನೆ ಎಂದಳು.

ಕರೆಂಟಿನ ಮಾತು ಬಂದದ್ದೇ ತಡ, ನಿರ್ದೇಶಕರು ಮೂಲೆಯಲ್ಲಿ ನಿಂತಿದ್ದ ರಾತ್ರಿ ಕಾವಲುಗಾರನ ಕಡೆ ಬೆರಳು ತೋರಿಸಿದರು. ಚಹಾಕ್ಕೆ ನೀರು ಕಾಯಿಸಲು ಕಪಾಟಿನ ಪ್ಲಗ್ಗು ಕೀಳುತ್ತಾನೆ, ಹಿಂದೆಯೂ ಬೈಸಿಕೊಂಡಿದ್ದಾನೆ. ಕಾವಲುಗಾರ ಮುಂದೆ ಬಂದ. ಭಾನುವಾರ ರಾತ್ರಿಯೂ ಕಿತ್ತಿದ್ದೆ, ನೀರು ಕುದಿಯುವಷ್ಟು ಹೊತ್ತು ಮಾತ್ರ, ತಪ್ಪಾಯಿತು ಎಂದು ಕೈಮುಗಿದ. ಅವನ ಮನೆಯಲ್ಲಿ ದುಡಿಯುವ ಕೈ ಅವನದೊಂದೇ. ನಿರ್ದೇಶಕರು ನಾಳೆಯಿಂದ ಬರಬೇಡ ಅಂದೇಬಿಟ್ಟರು. ಕೇಸು ಮುಗಿಯಿತೆಂದು ರೇಡಿಯೋ ಟೋಪಿ ಸರಿಮಾಡಿಕೊಂಡ. ನೀರು ಕಾಯಿಸಿದ ತಪ್ಪಿಗೆ ಒಬ್ಬ ಮನುಷ್ಯನ ಅನ್ನ ಹೋಗುತ್ತಿರುವುದನ್ನು ಮೇಲ್ವಿಚಾರಕಿ ನೋಡುತ್ತ ನಿಂತಿದ್ದಳು.

ಇನ್‌ಸ್ಪೆಕ್ಟರ್ ಮತ್ತೆ ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅದೇ ಮೂರನೆಯ ಅಂತಸ್ತಿನಲ್ಲಿ, ಅಕ್ಕಪಕ್ಕದ ತಟ್ಟೆಗಳಲ್ಲಿ, ಚಳಿ ತಪ್ಪಿದರೆ ಸಾಯುವಂಥವೇ ಆದ ಇನ್ನೆರಡು ಹರಳುಗಳಿದ್ದವು. ಎರಡಕ್ಕೂ ಒಂದು ಗೀರೂ ಬಿದ್ದಿರಲಿಲ್ಲ.

‘ಕರೆಂಟು ಹೋದ್ರೆ ಒಂದೇ ಕಲ್ಲಿಗೆ ಹೋಗುತ್ತೇನ್ರೀ?’ ಎಂದರು.

ಆಮೇಲೆ ತಾವೇ ಬಿಡಿಸಿ ಹೇಳಿದರು. ಹರಳನ್ನು ಹೊರಗೆ ತೆಗೆದು, ಅದು ಹಿಟ್ಟಾಗುವ ತನಕ ಇಟ್ಟು, ಬಿಟ್ಟ ನೀರಿನ ಸಮೇತ ವಾಪಸು ಒಳಗಿಟ್ಟಿದ್ದಾರೆ. ಅದಕ್ಕೇ ಆ ನೀರು ಗಟ್ಟಿಯಾಗಿದೆ. ಪ್ಲಗ್ಗಿಗೂ ಇದಕ್ಕೂ ಸಂಬಂಧವಿಲ್ಲ. ಕಾವಲುಗಾರನನ್ನು ಬಿಟ್ಟು ಕಳಿಸಿದರು, ಆದರೆ ನಿರ್ದೇಶಕರು ಅವನ ಕೆಲಸ ವಾಪಸು ಕೊಡುವ ಮಾತೆತ್ತಲಿಲ್ಲ. ಮುದ್ದೆಮಾಲಾಗಿ ತಟ್ಟೆಯನ್ನು ಸೀಲು ಮಾಡಿದರು.

ಆದರೆ ಹಾಳುಮಾಡಿದವನು ಹಿಟ್ಟನ್ನು ವಾಪಸು ಇಡುವುದು ಯಾಕೆ? ಮೋರಿಗೆ ಸುರಿದಿದ್ದರೆ ಕಳ್ಳತನ ಎಂದು ಊರೆಲ್ಲ ಹುಡುಕುತ್ತಿದ್ದರು. ಇದು ಇನ್‌ಸ್ಪೆಕ್ಟರಿಗೆ ರಾತ್ರಿಯೆಲ್ಲ ತಲೆ ತಿಂದಿತು. ಮಂಗಳವಾರ ಬೆಳಿಗ್ಗೆ ಒಬ್ಬರೇ ನಿರ್ದೇಶಕರ ಕೋಣೆಗೆ ಹೋಗಿ ಅದನ್ನೇ ಕೇಳಿದರು. ನಿರ್ದೇಶಕರು ಆ ದುಃಖದಲ್ಲೂ ಸ್ವಲ್ಪ ಬೀಗಿದರು. ತಮ್ಮಲ್ಲಿ ಒಡೆದ ಮಾದರಿಯ ಚೂರನ್ನೂ ಎಸೆಯುವಂತಿಲ್ಲ, ಪುಡಿಯಾದರೆ ಪುಡಿ, ಅದರದರ ತಟ್ಟೆಗೇ ವಾಪಸು ಹೋಗಬೇಕು. ಇಲ್ಲಿ ಕೆಲಸ ಕಲಿತವರ ಕೈಗೆ ಅದು ಅಂಟಿಹೋಗಿರುತ್ತದೆ.

ಹಾಗಾದರೆ ಒಳಗಿನವರೇ. ಇನ್‌ಸ್ಪೆಕ್ಟರ್ ಇನ್ನೊಂದು ಕೇಳಿದರು: ಆ ನಾಲ್ಕು ಅಂತಸ್ತುಗಳ ಲೆಕ್ಕ ಏನು?

ಜಾತಿ ಪ್ರಕಾರ, ಎಂದರು ನಿರ್ದೇಶಕರು. ಮೇಲಿನದು ಇನ್ನೂ ತೀರ್ಮಾನವಾಗದವು. ಎರಡನೆಯದು ನೀರು ಸೇರಿದ ಸಲ್ಫೇಟುಗಳು. ಮೂರನೆಯದು ನೀರು ಸೇರಿದ ಕಾರ್ಬೊನೇಟುಗಳಲ್ಲಿ ಈಗಾಗಲೇ ಗುರುತು ಸಿಕ್ಕಿದವು. ಕೆಳಗಿನದು ಉಳಿದದ್ದೆಲ್ಲ.

‘ಈ ಹರಳು ಎಲ್ಲಿತ್ತು?’

‘ಮೇಲೆ. ಬಂದ ದಿನದಿಂದ ಅಲ್ಲೇ.’

‘ನಿನ್ನೆ ನಾನು ನೋಡಿದಾಗ ಮೂರನೇದರಲ್ಲಿತ್ತು.’

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಟ್ಟು ಕಂಡ ಗಾಬರಿಯಲ್ಲಿ ತಾವು ಅದನ್ನು ಗಮನಿಸಿಯೇ ಇರಲಿಲ್ಲ. ಮೂರನೆಯ ಅಂತಸ್ತಿಗೆ ಸೇರಬೇಕಾದರೆ ಪರೀಕ್ಷೆ ಆಗಬೇಕು, ಇಂಥದ್ದೇ ಎಂದು ಗೊತ್ತಾಗಬೇಕು. ಪರೀಕ್ಷೆಯೇ ಆಗಿಲ್ಲವಲ್ಲ? ಪರೀಕ್ಷೆ ಮಾಡುವ ಯಂತ್ರದ ಕೋಣೆಗೆ ಎಷ್ಟು ಕೀಲಿ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಎರಡು. ಒಂದು ತಮ್ಮ ಹತ್ತಿರ, ಇನ್ನೊಂದು ಮೇಲ್ವಿಚಾರಕಿಯ ಹತ್ತಿರ ಎಂದರು ನಿರ್ದೇಶಕರು.

ಮೇಲ್ವಿಚಾರಕಿ ತನ್ನ ಕೋಣೆಯಲ್ಲಿ ಬಟ್ಟೆಯಿಂದ ಭೂತಗನ್ನಡಿ ಒರೆಸುತ್ತ ಕೂತಿದ್ದಳು. ಇನ್‌ಸ್ಪೆಕ್ಟರ್ ಎದುರಿಗೆ ಸ್ಟೂಲು ಎಳೆದುಕೊಂಡರು. ಠಾಣೆಯಿಂದ ಕರೆಸಿಕೊಂಡಿದ್ದ ಮಹಿಳಾ ಪೇದೆ ಬಾಗಿಲಲ್ಲಿ ನಿಂತಳು.

‘ಯಾವತ್ತು ಪರೀಕ್ಷೆ ಮಾಡಿದ್ರಮ್ಮ?’

ಒರೆಸುವ ಕೈ ನಿಂತಿತು. ‘ಶನಿವಾರ. ಉಗುರಿನ ಚೂರಿನಷ್ಟು ಕೆರೆದು ತಗೊಂಡೆ. ತಜ್ಞರು ಬರೋ ಮುಂಚೆ ನಾನೇ ಮೊದಲು ನೋಡಿ, ಓಡಿಹೋಗಿ ಅಪ್ಪಂಗೆ ಹೇಳೋಣ ಅಂತ.’

‘ಏನು ಬಂತು?’

‘ಇಕೈಟ್. ಎಲ್ಲ ಪುಸ್ತಕದಲ್ಲೂ ಇರೋದೇ. ಅಪರೂಪ ಹೌದು, ಹೊಸದಲ್ಲ. ಆ ಬಣ್ಣ ಕಬ್ಬಿಣದ ಕಲೆ ಸಾರ್. ಬಣ್ಣ ನೋಡಿ ಖನಿಜದ ಜಾತಿ ಹೇಳೋ ಹಾಗಿಲ್ಲ, ಒಳಗಿನ ಕಟ್ಟು ನೋಡ್ಬೇಕು. ಸೇರಿದ ಮೊದಲ ವಾರ ನನಗೆ ಕಲಿಸಿದ ಪಾಠ ಅದು.’

ಆಮೇಲಿನದನ್ನು ಅವಳು ತಡೆತಡೆದು ಹೇಳಿದಳು. ಮನೆಗೆ ಹೋದಾಗ ಅಪ್ಪ ದಿಂಬಿಗೆ ಒರಗಿ, ಅಮ್ಮನ ಹೆಸರಿನ ಕೊನೆಗೆ ‘ಐಟ್’ ಸೇರಿಸಿ ಹೇಳಿ ನೋಡುತ್ತ, ಕೇಳೋಕೆ ಚೆನ್ನಾಗಿದೆ ಅಲ್ವೇನಮ್ಮಾ ಎಂದು ನಕ್ಕರಂತೆ. ತಿಂಗಳುಗಳ ಮೇಲೆ ಕಂಡ ನಗು. ಹೌದಪ್ಪ ಎಂದಳಂತೆ. ಬುಧವಾರ ತಜ್ಞರು ಬಂದರೆ ಎಲ್ಲ ಬಯಲಾಗುತ್ತದೆ. ಕಲ್ಲೇ ಇಲ್ಲದಿದ್ದರೆ ಅದು ಹೊಸದೋ ಹಳೆಯದೋ ಯಾರೂ ಹೇಳಲಾರರು. ಹೊಸದಿತ್ತೇನೋ ಎಂದುಕೊಂಡೇ ಅವರು ಕಣ್ಣುಮುಚ್ಚಬಹುದು. ಭಾನುವಾರ ಮಧ್ಯಾಹ್ನ ಬಂದು ಹರಳನ್ನು ಇದೇ ಮೇಜಿನ ಮೇಲಿಟ್ಟು, ಅದು ಪೂರ್ತಿ ನೀರು ಬಿಡುವ ತನಕ ಎದುರಿಗೇ ಕೂತಿದ್ದಳು. ನಡುವೆ ಎದ್ದು ಹೋಗಲು ಮನಸ್ಸು ಬರಲಿಲ್ಲ ಎಂದಳು.

‘ವಾಪಸು ಮೂರನೇ ಅಂತಸ್ತಿನಲ್ಲಿ ಯಾಕೆ ಇಟ್ರಿ?’

ಅಲ್ಲಿಟ್ಟದ್ದು ಅವಳಿಗೆ ಗೊತ್ತಾದದ್ದೇ ಆಗ. ಭೂತಗನ್ನಡಿ ಕೆಳಗಿಟ್ಟಳು.

‘ಕೈ ಅಲ್ಲಿಗೇ ಹೋಗಿರ್ಬೇಕು ಸಾರ್. ಅದು ಅಲ್ಲಿಗೆ ಸೇರಿದ್ದು.’

ಕಾವಲುಗಾರನನ್ನು ಕೆಲಸದಿಂದ ತೆಗೆದಾಗ ಸುಮ್ಮನಿದ್ದಿರಲ್ಲ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅದೊಂದು ಮಾತಿಗೆ ಅವಳು ಅತ್ತಳು. ಅವನ ಮುಖ ನೆನೆದು ರಾತ್ರಿ ಊಟ ಬಿಟ್ಟೆ, ಬುಧವಾರ ದಾಟಲಿ ಅಂತಿದ್ದೆ, ದಾಟಿದ ಮೇಲೆ ನಾನೇ ಬರುತ್ತಿದ್ದೆ ಎಂದಳು. ಬರುತ್ತಿದ್ದಳೋ ಇಲ್ಲವೋ ಬಲ್ಲವರು ಯಾರು. ಇನ್‌ಸ್ಪೆಕ್ಟರ್ ಅಂತೂ ನಂಬಿದರು.

ಮಧ್ಯಾಹ್ನ ಎರಡೂವರೆಗೆ, ಸಾರ್ವಜನಿಕ ಸ್ವತ್ತಿಗೆ ನಷ್ಟ ಮಾಡಿದ ಆರೋಪದ ಮೇಲೆ ಬಂಧನವಾಯಿತು. ಬಂಧನದ ವಿಷಯ, ಕಾರಣ, ಎರಡನ್ನೂ ಹತ್ತಿರದ ಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕು. ಅವಳಿಗಿದ್ದ ಸಂಬಂಧಿ ಒಬ್ಬರೇ.

‘ಕದ್ದಿದಾಳೆ ಅಂತ ಹೇಳಿ ಸಾರ್. ಏನು ಬೇಕಾದ್ರೂ ಹೇಳಿ. ಅದು ಹಳೇದು ಅಂತ ಮಾತ್ರ ಹೇಳಬೇಡಿ.’

ಇನ್‌ಸ್ಪೆಕ್ಟರ್ ಮಾತು ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ.

ಮೇಸ್ತ್ರಿಯ ಮನೆ ಎರಡನೆಯ ಮಹಡಿ. ಪಕ್ಕದ ಮನೆಯ ಹೆಂಗಸು ಬಾಗಿಲು ತೆಗೆದು, ಅಕ್ಕ ಕೆಲಸದಿಂದ ಇನ್ನೂ ಬಂದಿಲ್ಲ ಎಂದಳು. ಕಿಟಕಿಗೆ ಹೊಂದಿಸಿದ ಮಂಚದಲ್ಲಿ ಮುದುಕರು ಮಲಗಿದ್ದರು. ಕೈಗಳು ಮಾತ್ರ ಇನ್ನೂ ದಪ್ಪ, ಕೊರೆತದವರ ಕೈ. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಪಕ್ಕದಲ್ಲಿ ಕೂತು, ಸುತ್ತಿಬಳಸದೆ ಎಲ್ಲವನ್ನೂ ಹೇಳಿದರು. ಸುಳ್ಳು ಹೇಳಿದ್ದರೆ ನಾಳೆ ಬೇರೆ ಯಾರೋ ಅದನ್ನೇ ಒರಟಾಗಿ ಹೇಳುತ್ತಿದ್ದರು. ಮುದುಕರು ಕಣ್ಣು ಮುಚ್ಚಿಕೊಂಡೇ ಕೇಳಿದರು.

‘ಹಳೇದಾದ್ರೆ ಹಳೇದು,’ ಎಂದರು ಕೊನೆಗೆ. ‘ಜೀವಮಾನವೆಲ್ಲ ಕೆಸರು ಬಗೆದೋನು ನಾನು. ತಂದಿದ್ದೆಲ್ಲ ಯಾರೋ ಮೊದಲೇ ಕಂಡಿದ್ದೇ. ಇದೊಂದು ಕೇಳಿ ಎದೆ ಒಡ್ಕೋತೀನಾ? ಹುಚ್ಚಿ. ಒಂದು ಮಾತು ಹೇಳ್ಬಾರ್ದಿತ್ತಾ?’

ಇನ್‌ಸ್ಪೆಕ್ಟರ್ ಚೀಲದಿಂದ ಬಂಧನದ ತಿಳಿವಳಿಕೆ ಪತ್ರ ತೆಗೆದರು.

‘ಹೆಸರಿನ ಮಾತು ತೆಗೆದಿದ್ದು ಆಮೇಲೆ ಸಾರ್, ನಾನು ಹೋದ ಮೇಲೆ ಮಗಳಿಗೆ ಹೇಳ್ಕೊಳ್ಳೋಕೆ ಏನಾದ್ರೂ ಇರ್ಲಿ ಅಂತ. ನನಗೆ ಬೇಕಾಗಿದ್ದು ಆ ಕಲ್ಲು. ಕೆಸರು ತೊಳೆದು ಎತ್ತಿದೋಳು ಅವರಮ್ಮ. ಬರಿಗೈಲಿ ಹಿಡ್ಕೊಂಡು ನಿಂತುಬಿಟ್ಟಿದ್ಳು, ನೋಡ್ರೀ ಎಷ್ಟು ಚೆಂದ ಅಂತ. ಮಂಜಿಗೆ ಹಾಕೇ ಅಂತ ನಾನು ಗದರಿದೆ. ಅಷ್ಟರಲ್ಲಿ ಹೆಬ್ಬೆಟ್ಟು ತಾಗಿದ್ದ ಕಡೆ ಬೆಳ್ಳಗಾಗಿತ್ತು. ಆ ಗುರುತು ಹಾಗೇ ಇತ್ತು. ಬುಧವಾರ ತಜ್ಞರ ನೆಪದಲ್ಲಿ ಕುರ್ಚಿ ಮೇಲಾದ್ರೂ ಹೊತ್ಕೊಂಡು ಹೋಗಿ ಅಂತ ಕೇಳಿ, ಇನ್ನೊಂದ್ಸಲ ನೋಡ್ಕೊಂಡು ಬರೋಣ ಅಂತಿದ್ದೆ.’

ಪಕ್ಕದ ಮನೆಯ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳಿಗೆ ಇದು ಗೊತ್ತಿತ್ತೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅವಳಿಗೆ ಗೊತ್ತಿಲ್ಲ, ಇಷ್ಟು ವಯಸ್ಸಾದ ಮೇಲೆ ಮಕ್ಕಳ ಹತ್ತಿರ ಇಂಥದ್ದನ್ನೆಲ್ಲ ಹೇಗೆ ಹೇಳೋದು ಎಂದರು. ತಿಳಿವಳಿಕೆ ಪತ್ರವನ್ನು ರಟ್ಟಿನ ಮೇಲಿಟ್ಟು ಹಿಡಿದಾಗ ಸಹಿ ಮಾಡಿ, ಇನ್‌ಸ್ಪೆಕ್ಟರ ತೋಳು ಹಿಡಿದುಕೊಂಡರು.

‘ಅವಳಿಗೆ ಇದನ್ನ ಹೇಳಬೇಡಿ.’

ಸಂಜೆ ಐದಕ್ಕೆ ಇನ್‌ಸ್ಪೆಕ್ಟರ್ ಠಾಣೆಗೆ ಮರಳಿದರು. ಕಾವಲುಗಾರನನ್ನು ವಾಪಸು ಕರೆಸಿಕೊಂಡೆವೆಂದು ನಿರ್ದೇಶಕರು ಫೋನು ಮಾಡಿದ್ದರು. ಮೇಲ್ವಿಚಾರಕಿ ಬೆಂಚಿನಿಂದ ಎದ್ದು ನಿಂತಳು.

‘ಅಪ್ಪ ಏನಂದ್ರು ಸಾರ್?’

‘ಹಳೇದಾದ್ರೆ ಹಳೇದು ಅಂದ್ರು.’

ಅವಳ ಮುಖ ಅರಳಿತು. ಎಷ್ಟೋ ದಿನದ ಭಾರ ಇಳಿದವಳ ಹಾಗೆ ಅತ್ತಳು, ಮಹಿಳಾ ಪೇದೆಯ ಕೈ ಹಿಡಿದು ಕೂತಳು. ಅಷ್ಟೇನಾ, ಇನ್ನೇನಾದರೂ ಅಂದರಾ ಎಂದು ಮತ್ತೆ ಕೇಳಿದಳು. ಅಷ್ಟೇ ಎಂದರು ಇನ್‌ಸ್ಪೆಕ್ಟರ್. ತನಿಖಾ ವರದಿಯಲ್ಲಿ ಕೃತ್ಯದ ಉದ್ದೇಶ ಬರೆಯಬೇಕಾದಲ್ಲಿ, ಆರೋಪಿಗೆ ಯಾವ ಲಾಭದ ಆಸೆಯೂ ಇರಲಿಲ್ಲ, ತಂದೆಗೆ ನೋವಾಗಬಾರದೆಂದು ಹೀಗೆ ಮಾಡಿದ್ದಾಳೆ ಎಂದು ಬರೆದು, ಸಹಿ ಹಾಕಿದರು.