ಫ್ಲಾರೆನ್ಸಿನಲ್ಲಿ ಅವಳಾಡಿದ ಸುಳ್ಳು

"ಧನೂ! ನೀನಾ? ಇಲ್ಲಿ?!"

ಹಿಂದಿನಿಂದ ಬಂದ ಕನ್ನಡದ ದನಿಗೆ ಧನುಶ್ರೀ ಬೆಚ್ಚಿ ತಿರುಗಿದಳು. ಇಟಲಿಯ ಫ್ಲಾರೆನ್ಸ್ ನಗರದ ಆ ದೊಡ್ಡ ಚರ್ಚಿನ ಮುಂದೆ, ಅಷ್ಟೊಂದು ಜನರ ನಡುವೆ ದೀಪ ನಿಂತಿದ್ದಳು! ಮೈಸೂರಿನಲ್ಲಿ ಎಂ.ಎ. ಓದುವಾಗ ಎರಡು ವರ್ಷ ಒಂದೇ ರೂಮಿನಲ್ಲಿದ್ದ ಗೆಳತಿ. ಪಕ್ಕದಲ್ಲಿ ಕಪ್ಪು ಕೋಟು ತೊಟ್ಟ ಅವಳ ಗಂಡ, ಡಾಕ್ಟರು.

ಖುಷಿಯಾಗಬೇಕಿತ್ತು. ಆದರೆ ಧನುಶ್ರೀಯ ಎದೆ ಧಸಕ್ಕೆಂದಿತು.

ಏಕೆಂದರೆ ಹತ್ತು ಹೆಜ್ಜೆ ಆಚೆ ಅವಳ ಗಂಡ ನಟರಾಜು ಇದ್ದ. ತಲೆಗೆ ಮಂಕಿ ಕ್ಯಾಪು, ಕಾಲುಚೀಲದ ಮೇಲೆ ಚಪ್ಪಲಿ. ಚರ್ಚಿನ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಬಿಳಿ, ಹಸಿರು ಅಮೃತಶಿಲೆಯ ಪಟ್ಟಿಗಳ ಮೇಲೆ ಬೆರಳಾಡಿಸುತ್ತಿದ್ದ.

"ಅಬ್ಬಬ್ಬಾ! ಮೂಲೇಲಿ ಬಾರ್ಡರ್ ಎಂಗೆ ತಿರುಗಿಸವ್ರಪ್ಪಾ! ಅದೂ ಕಲ್ಲಲ್ಲಿ!"

ಸುತ್ತಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರು ದನಿ.

"ಅವರ್ಯಾರೇ? ನಿನ್ನ ಜೊತೆ ಬಂದವರಾ?" ದೀಪ ಕೇಳಿದಳು.

"ಅವರು... ಕೊಳ್ಳೇಗಾಲದ ರೇಷ್ಮೆ ಸೀರೆ ನೇಯೋರು. ಇಲ್ಲೊಂದು ಶಾಲೆಯವರು ಮಗ್ಗದ ಕೆಲಸ ತೋರಿಸೋಕೆ ಕರೆಸಿದ್ದಾರೆ. ನಾನು... ಅವರ ಟ್ರಾನ್ಸ್‌ಲೇಟರ್."

ಪೂರ್ತಿ ಸುಳ್ಳಲ್ಲ. ಆಮಂತ್ರಣ ಪತ್ರದಲ್ಲಿ ಅವಳ ಹೆಸರಿನ ಮುಂದೆ ಹಾಗೆಯೇ ಇತ್ತು. ಜೊತೆಗೆ 'ಪತ್ನಿ' ಎಂದೂ ಇತ್ತು.

"ಮದುವೆ ಆಯ್ತಂತಲ್ಲ? ನಿನ್ನ ಗಂಡ ಬರಲಿಲ್ವಾ?"

"ಅವರಿಗೆ... ರಜೆ ಸಿಗಲಿಲ್ಲ ಕಣೆ."

ಹೇಳಿ ತಿರುಗಿದಳು. ನಟರಾಜು ಅವಳ ಹಿಂದೆಯೇ ನಿಂತಿದ್ದ!

ಕೇಳಿಸಿತ್ತು. ಎಲ್ಲವೂ ಕೇಳಿಸಿತ್ತು.

ಅವನು ಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಮಸ್ಕಾರ ಸಾ" ಎಂದು ಡಾಕ್ಟರಿಗೆ ಕೈ ಮುಗಿದ. ದೀಪ ತನ್ನ ಫೋನನ್ನು ಅವನ ಕೈಗಿಟ್ಟು, "ನಮ್ಮ ಮೂವರದ್ದೊಂದು ಫೋಟೋ ತೆಗೀರಿ. ಗುಮ್ಮಟನೂ ಬರಲಿ" ಎಂದಳು. ಅವನು ಹಿಂದೆ ಹಿಂದೆ ಸರಿದು, ಕಲ್ಲು ಚಪ್ಪಡಿಯ ಮೇಲೆ ಮಂಡಿಯೂರಿ ಫೋಟೋ ತೆಗೆದ.

ಆ ಫೋಟೋಗೆ ಧನುಶ್ರೀ ನಕ್ಕಳು ಕೂಡ! ಅದು ಹೇಗೆ ಸಾಧ್ಯವಾಯಿತೋ...

"ನಾಲ್ಕು ಗಂಟೆಗೆ ಹಳೇ ಸೇತುವೆ ಹತ್ತಿರ ಕಾಫಿ ಕುಡೀತಿರ್ತೀವಿ, ಬಾ" ಎಂದು ಹೇಳಿ ದೀಪ ಗಂಡನ ತೋಳು ಹಿಡಿದು ಹೊರಟಳು.

"ಈಗೆಲ್ಲಿಗೆ ಓಗಾದು ಮೇಡಂ?" ನಟರಾಜು ಕೇಳಿದ.

"ರೀ... ಹಾಗ್ಯಾಕೆ ಕರೀತೀರಿ?"

"ನಿಮ್ಮೋರು ಇನ್ಯಾರಾದ್ರೂ ಸಿಕ್ಕಾರು."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಇರಿಯಿತು.

ಹನೂರಿನ ಹುಡುಗಿ ಅವಳು, ಯಳಂದೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಸೀರೆ ಕೊಳ್ಳಲು ಹೋಗಿ ಅವನ ಮಗ್ಗದ ಮುಂದೆ ಮಧ್ಯಾಹ್ನವಿಡೀ ಕೂತವಳು. ಮದುವೆಯಾಗಿ ಇನ್ನೂ ಮೂರು ತಿಂಗಳು. ಇಟಲಿಯವರು ಕರೆಸಿದ್ದು ಅವನನ್ನು. ಅವನಿಂದಾಗಿ ಅವಳು ವಿಮಾನ ಹತ್ತಿದ್ದಳು. ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಹೆಮ್ಮೆಪಟ್ಟಿದ್ದಳು. ಇಲ್ಲಿ ಒಂದು ಕಪ್ಪು ಕೋಟಿನ ಮುಂದೆ ಆ ಹೆಮ್ಮೆ ಎಲ್ಲಿ ಹೋಯಿತು?

'ಛೀ... ಎಂಥವಳು ನಾನು!'

ಅರಮನೆ ನೋಡಿದರು, ಅಮೃತಶಿಲೆಯ ಮೂರ್ತಿಗಳನ್ನು ನೋಡಿದರು. ಬೆಳಗಿನಿಂದ ವಟವಟ ಮಾತಾಡುತ್ತಿದ್ದವನು ಈಗ ಯಾವ ಕಲ್ಲನ್ನೂ ಮುಟ್ಟಿ ನೋಡಲಿಲ್ಲ. ಅವಳಿಂದ ಎರಡು ಹೆಜ್ಜೆ ಹಿಂದೆಯೇ ನಡೆದ.

ನದಿಯ ದಂಡೆಗೆ ಬಂದಾಗ ಅವನೇ ನಿಂತ.

"ಒಂದ್ ಮಾತು ನಿಜ ಯೇಳು ಧನು. ಈ ಮದ್ವೆಗೆ ನಿಮ್ಮಪ್ಪ ಬಲವಂತ ಮಾಡುದ್ರಾ?"

"ಇಲ್ಲ ರೀ! ನಾನೇ ಒಪ್ಪಿದ್ದು..."

"ಮತ್ತೆ?"

ಸುಳ್ಳು ಹೇಳಬಹುದಿತ್ತು. ಗಾಬರಿಯಾಯಿತು, ಬಾಯಿ ತಪ್ಪಿತು ಎನ್ನಬಹುದಿತ್ತು.

"ನಾಚಿಕೆ ಆಯ್ತು... ನಿಮ್ಮನ್ನ ನನ್ನ ಗಂಡ ಅಂತ ಹೇಳೋಕೆ ನಾಚಿಕೆ ಆಯ್ತು."

ಅವನು ಮುಖ ಆಚೆ ತಿರುಗಿಸಿದ. ಅವಳಿಗೆ ತಡೆಯಲಾಗಲಿಲ್ಲ.

"ಬನ್ನಿ ನನ್ನ ಜೊತೆ."

"ಬ್ಯಾಡ ಕಣಮ್ಮಿ. ಅವ್ರ ಮುಂದೆ ನೀನ್ಯಾಕೆ ಸಣ್ಣೋಳಾಗ್ತೀಯೆ?"

"ಆಗಲೇ ಸಣ್ಣವಳಾಗಿದ್ದೀನಿ!"

ಸೇತುವೆಯ ಪಕ್ಕದ ಕಾಫಿ ಅಂಗಡಿಗೆ ಅವಳು ಹೆಚ್ಚುಕಡಿಮೆ ಓಡಿದಳು. ಬೇಡವೆನ್ನುತ್ತಲೇ ಅವನೂ ಹಿಂದೆ ಬಂದ. ದೀಪ ನಗುತ್ತಾ ಎದ್ದು ನಿಂತಳು.

"ಕೂತ್ಕೊಳಲ್ಲ ದೀಪ. ನಾನು ನಿನಗೆ ಸುಳ್ಳು ಹೇಳಿದೆ." ಧನುಶ್ರೀ ಪಕ್ಕಕ್ಕೆ ಸರಿದು ಹಿಂದಿದ್ದವನನ್ನು ಮುಂದೆ ಕರೆದಳು. "ಇವರು ನಟರಾಜು. ನನ್ನ ಗಂಡ. ಇವರ ಮುಂದೆಯೇ ನನ್ನ ಗಂಡ ಬಂದಿಲ್ಲ ಅಂದೆ."

ದೀಪಳ ಮುಖ ಬಣ್ಣಗೆಟ್ಟಿತು.

"ಅಯ್ಯೋ... ನಾನು ಅವರನ್ನ ಮಂಡಿಯೂರಿಸಿ ಫೋಟೋ ತೆಗೆಸಿದೆನಲ್ಲೇ!"

ಡಾಕ್ಟರು ತಟ್ಟನೆ ಎದ್ದು ತಮ್ಮ ಕುರ್ಚಿಯನ್ನು ನಟರಾಜುವಿನ ಕಡೆ ಸರಿಸಿದರು. "ಇಲ್ಲಿ ಕೂತ್ಕೊಳ್ಳಿ ಸರ್, ದಯವಿಟ್ಟು."

"ಇರ್ಲಿ ಸಾ, ಇನ್ನೊಂದ್ ದಿನ. ಇವ್ಳು ಬೆಳಗ್ಗಿಂದ ಏನೂ ತಿಂದಿಲ್ಲ, ಮೊದ್ಲು ಊಟಕ್ಕೆ ಕರ್ಕೊಂಡೋಯ್ತೀನಿ" ಎಂದ ನಟರಾಜು.

ಆ ಮಾತಿಗೆ ಧನುಶ್ರೀಯ ಕಣ್ಣು ತುಂಬಿ ಹರಿಯಿತು.

ಇಬ್ಬರೂ ಸೇತುವೆಯ ಮೇಲೆ ಬಂದರು. ಬಿಸಿಲು ಇಳಿಯುತ್ತಿತ್ತು.

"ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ ರೀ..."

"ಸಿಟ್ಟದೆ ಧನು. ಒಂದ್ ಗಳಿಗೇಲಿ ಓಗಾದಲ್ಲ ಇದು."

"ಗೊತ್ತು. ಇರಲಿ. ಹೋಗೋವರೆಗೂ ನಾನು ಪಕ್ಕದಲ್ಲೇ ಇರ್ತೀನಿ."

ಎದುರಿನಿಂದ ದೊಡ್ಡ ಗುಂಪೊಂದು ನುಗ್ಗಿ ಬಂತು. ನಟರಾಜು ಕೈ ಚಾಚಿದ.

"ಜನ ಜಾಸ್ತಿ ಅವ್ರೆ. ಕೈ ಇಡ್ಕ."

ನೂಲು ಎಳೆದೆಳೆದು ಒರಟಾದ ಆ ಬೆರಳುಗಳನ್ನು ಅವಳು ಎರಡೂ ಕೈಯಲ್ಲಿ ಅವಚಿಕೊಂಡಳು.

"ಬಿಡಬೇಡಿ ರೀ..."

"ನಾನೆಲ್ಲಿ ಬಿಟ್ಟಿದ್ದೆ?"