ಮೇಣ ತಿಕ್ಕಿದ ದಾರ

2025ರ ನವೆಂಬರ್ 12, ಬುಧವಾರ, ಬೆಳಿಗ್ಗೆ 10.40. ಗುತ್ತಿಗೆದಾರ ಯಲ್ಲಾಲಿಂಗ ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ದೇವದುರ್ಗದ ಠಾಣೆಗೆ ಬಂದು ದೂರು ಕೊಟ್ಟ. ಸೋಮವಾರ ಸಂಜೆ ಜಾಲಹಳ್ಳಿ ರಸ್ತೆಯ ಬಲತಿರುವಿನಲ್ಲಿ ಕುರಿಹಿಂಡು ಅಡ್ಡ ಬಂದಿತ್ತು. ಬ್ರೇಕ್ ತುಳಿದದ್ದೇ ಗಾಲಿಗಳು ಬಿಗಿದು ನಿಂತವು. ಸ್ಟೇರಿಂಗ್ ಮಾತು ಕೇಳಲಿಲ್ಲ. ಕಾರು ನೆಟ್ಟಗೆ ಜಾರಿ ಬೇವಿನ ಮರಕ್ಕೆ ಬಡಿದಿತ್ತು.

"ದೀಪಾವಳಿ ಆದಾಗಿಂದ ಎಬಿಎಸ್ ದೀಪ ಒಮ್ಮೆ ಹತ್ತತಿತ್ತು, ಒಮ್ಮೆ ಆರತಿತ್ತು. ಮೂರು ಗ್ಯಾರೇಜ್ ತಿರುಗೀನ್ರಿ. ಎಲ್ಲಾ ಬರೋಬರಿ ಅದ ಅಂದ್ರು. ಯಾರೋ ಬೇಕಂತ ಕೆಡಿಸ್ಯಾರ."

"ಯಾರ ಮ್ಯಾಲರ ಅನುಮಾನ?"

"ನನಗ ಯಾರ ಜೋಡಿ ಜಗಳ ಅದ ಹೇಳ್ರಿ ಮೇಡಂ. ನೀವು ನನ್ನ ಬಲ್ಲವರು."

ಪಿಎಸ್‌ಐ ನಾಗವೇಣಿ ಅವನನ್ನು ಬಲ್ಲಳು. ಎರಡು ವರ್ಷದ ಹಿಂದೆ, ಅವಳು ಬೇರೊಂದು ಠಾಣೆಯಲ್ಲಿದ್ದಾಗ, ಇದೇ ಕಾರಿಗೆ ಸಿಕ್ಕು ಹೂ ಮಾರುವ ಆದೆಮ್ಮ ಸತ್ತಿದ್ದಳು. ಹಿಂದಿನ ದಿನ ಮಾನ್ವಿಯ ಫರ್ಹೀನ್ ಎಂಬಾಕೆ ಗಾಲಿಯ ಸೆನ್ಸರ್ ರಿಪೇರಿ ಮಾಡಿದ್ದಳು, ಅದು ಕೆಟ್ಟು ಬ್ರೇಕ್ ಹತ್ತಲಿಲ್ಲ ಎಂದು ಯಲ್ಲಾಲಿಂಗ ಹೇಳಿಕೆ ಕೊಟ್ಟಿದ್ದ. ನಾಗವೇಣಿ ಗಾಲಿ ಬಿಚ್ಚಿಸದೆ ಹಾಗೆಯೇ ಬರೆದುಕೊಂಡಿದ್ದಳು. ಮಗಳಿಗೆ ಜ್ವರ, ಮೇಲೆ ಬಂದೋಬಸ್ತು, ನೆಪಗಳಿಗೇನು ಬರವಿರಲಿಲ್ಲ. ಯಾಂತ್ರಿಕ ದೋಷವೆಂದು ಕೇಸು ಮುಗಿದಿತ್ತು. ಈಗ ಆ ಗಾಲಿ ಬಿಚ್ಚಿಸಿದರೆ ತನ್ನ ಸಹಿಯೂ ಬಯಲಿಗೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು.

ಆದರೂ FIR ಸಂಖ್ಯೆ 118/2025 ದಾಖಲಿಸಿ, ಕಾರನ್ನು ರಾಯಚೂರಿಗೆ ಸಾಗಿಸಲು ಹೇಳಿದಳು.

ನವೆಂಬರ್ 14, ಬೆಳಿಗ್ಗೆ 11.15. ರಾಯಚೂರಿನಲ್ಲಿ ಕಾರುಗಳ ವೈರಿಂಗ್ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಶಕೀಲ್ ಅವರ ಶೆಡ್ಡು. ಮೋಟಾರು ವಾಹನ ನಿರೀಕ್ಷಕರು, ಇಬ್ಬರು ಪಂಚರು, ಹೆಡ್ ಕಾನ್‌ಸ್ಟೆಬಲ್ ಮೂಕಪ್ಪ ಸುತ್ತ ನಿಂತರು. ಬಲಬದಿ ನಜ್ಜುಗುಜ್ಜಾಗಿತ್ತು, ಮುಂದಿನ ಎಡಗಾಲಿ ನೆಟ್ಟಗಿತ್ತು. ಸ್ಕ್ಯಾನರ್ ಆ ಎಡಗಾಲಿಯ ಸೆನ್ಸರನ್ನೇ ತೋರಿಸಿತು.

"ಗಾಲಿ ಎಷ್ಟು ತಿರುಗಾಕತ್ತದ ಅಂತ ಕಂಪ್ಯೂಟರಿಗೆ ಹೇಳೋದು ಇದೇರಿ," ಎಂದು ಶಕೀಲ್ ತಂತಿಯ ತುದಿಗೆ ಮೀಟರ್ ಹಿಡಿದರು. ಸಾವಿರದ ನೂರು ಓಮ್. "ಬರೋಬರಿ ಅದ."

"ಅಂದ್ರ ಮೂರು ಗ್ಯಾರೇಜಿನವರೂ ಖರೇ ಹೇಳ್ಯಾರ," ಎಂದ ಮೂಕಪ್ಪ.

"ನಿಂತ ಗಾಡಿ ಎಲ್ಲಾರ ಮುಂದೂ ಸಂಭಾವಿತ ಇರ್ತದ ಸಾಹೇಬ್. ಸ್ಟೇರಿಂಗ್ ಬಲಕ್ಕ ಪೂರ್ತಿ ತಿರುಗಸ್ರಿ."

ಗಾಲಿ ಹೊರಳಿತು, ತಂತಿ ಬಿಗಿಯಿತು, ಮೀಟರಿನ ಅಂಕಿ ಮಾಯವಾಯಿತು. ನೆಟ್ಟಗೆ ಮಾಡಿದರೆ ಮತ್ತೆ ಬಂತು. ಶಕೀಲ್ ಬೆರಳು ಸವರುತ್ತ ಹೋಗಿ ಒಂದು ಕಡೆ ನಿಂತರು. ಮೇಲಿನ ರಬ್ಬರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಳಗಿನ ತಾಮ್ರದ ಎಳೆ ಕತ್ತರಿಸಿ, ತುದಿಗೆ ತುದಿ ತಾಗಿಸಿ ಮತ್ತೆ ಮುಚ್ಚಲಾಗಿತ್ತು. ಅದರ ಪಕ್ಕದಲ್ಲೇ, ತಂತಿ ಜೋತಾಡದಂತೆ, ಮೇಣ ತಿಕ್ಕಿದ ದಾರದ ಏಳು ಸುತ್ತು. ಶಕೀಲ್ ಕನ್ನಡಕ ತೆಗೆದು ಒರೆಸತೊಡಗಿದರು.

"ಏನು ಶಕೀಲ್ ಭಾಯ್?"

"ಏನಿಲ್ರಿ."

"ಪಂಚನಾಮೆದಾಗ ಏನಿಲ್ಲ ಅಂತ ಬರೀಲೇನು?"

ಮುದುಕರು ಕನ್ನಡಕ ಮತ್ತೆ ಹಾಕಿಕೊಂಡರು. "ಮಂದಿ ಟೇಪ್ ಸುತ್ತತಾರ. ದಾರ ಸುತ್ತಿ ಗಂಟು ಒಳಗ ಮುಚ್ಚೋದು ನಮ್ಮ ಉಸ್ತಾದ್ ಲಾಲ್ ಸಾಬರ ಕೈ. ಅವರು ಇಬ್ಬರಿಗಷ್ಟ ಕಲಿಸಿದ್ರು. ಒಬ್ಬ ನಾನು."

"ಇನ್ನೊಬ್ಬರು?"

"ಅವರ ಮಗಳು. ಮಾನ್ವಿ ಫರ್ಹೀನ್."

"ಆಕಿ ಹಳೇ ರಿಪೇರಿ ದಾರ ಇರಬೇಕು," ಎಂದ ಮೂಕಪ್ಪ.

"ಹಳೇದು ಇಲ್ಲಿ ಮ್ಯಾಲ ಅದ, ನೋಡ್ರಿ, ಕರ್ರಗಾಗ್ಯದ. ಅದರ ಕೆಳಗಿನ ಬೆಸುಗಿ ಇನ್ನೂ ಕಲ್ಲಿನಂಗ ಅದ. ಇದು ಹೊಸಾದು. ಇನ್ನೊಂದು ಬರಕೋರಿ ಮೇಡಂ. ಸೆನ್ಸರ್ ಕೆಟ್ರ ಗಾಲಿ ಬಿಗಿದು ಜಾರದಂಗ ತಡಿಯೋ ಎಬಿಎಸ್ ಹೋಗ್ತದ. ಬ್ರೇಕ್ ಹೋಗೋದಿಲ್ಲ."

ಇದೇ ಮಾತನ್ನು ಎರಡು ವರ್ಷದ ಹಿಂದೆ ಠಾಣೆಯ ಬಾಗಿಲಲ್ಲಿ ನಿಂತು ಫರ್ಹೀನ್ ಹೇಳಿದ್ದಳು. 'ನಿನ್ನ ಮ್ಯಾಲೇನು ಕೇಸ್ ಹಾಕಿಲ್ಲಲ್ಲವ್ವ, ಮನಿಗೆ ಹೋಗು' ಎಂದು ನಾಗವೇಣಿ ಕಳಿಸಿದ್ದಳು. ಈಗ ಅವಳು ಎರಡು ಗಂಟುಗಳನ್ನೂ ಬೇರೆಬೇರೆ ಲಕೋಟೆಯಲ್ಲಿ ಮೊಹರು ಮಾಡಿಸಿದಳು.

ನವೆಂಬರ್ 15, ಬೆಳಿಗ್ಗೆ 9.30, ಮಾನ್ವಿ. ಅಂಗಡಿಯ ಶಟರಿಗೆ ತುಕ್ಕು ಹಿಡಿದಿತ್ತು. ಹಿಂದಿನ ಮನೆಯಲ್ಲಿ ಫರ್ಹೀನ್ ಯಾರದೋ ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ಪೊಲೀಸರನ್ನು ಕಂಡು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಬರ್ರಿ. ಗಾಲಿ ಬಿಚ್ಚಿಸಿದ್ರಿ ಅಂದಂಗಾತು."

"ಯಾವಾಗ ಮಾಡಿದಿ?"

"ದೀಪಾವಳಿ ಸಂತ್ಯಾಗ. ಅವ ಗಾಡಿ ಬಸ್ ಸ್ಟ್ಯಾಂಡ್ ಹಿಂದ ನಿಲ್ಲಿಸಿದ್ದ. ಯಾರರ ಕೇಳಿದ್ರ ಕಿವಿ ಓಲಿ ಬಿದ್ದದ ಅನ್ನೋದಿತ್ತು. ಯಾರೂ ಕೇಳಲಿಲ್ಲ. ಗಾಲಿ ಮುಂದ ಕುಂತ ಹೆಂಗಸಿಗೆ ಗಾಲಿ ಕೆಲಸ ಬರ್ತದಂತ ಯಾರು ತಿಳಕೋತಾರ?"

"ಕೆಡಸಾಕ ಹೋದಾಕಿ ಮತ್ತ ಕಟ್ಟಿದ್ಯಾಕ?"

ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಜೋತಾಡೋ ತಂತಿ ಟೈರಿಗೆ ತಾಗ್ತದ್ರಿ. ಹಂಗ ಬಿಟ್ಟು ಏಳಾಕ ಆಗಲಿಲ್ಲ."

"ಅವ ಸತ್ತಿದ್ರ?"

"ಸತ್ತಿದ್ರ ಚಲೋ ನಿದ್ದಿ ಬರ್ತಿತ್ತು." ದನಿ ಏರಲಿಲ್ಲ. "ಅವತ್ತು ಅವ ಫೋನ್‌ನ್ಯಾಗ ಮಾತಾಡಕೋಂತ ಬಂದು ಆದೆಮ್ಮನ ಮ್ಯಾಲ ಹಾಯಿಸಿದ. ಮಂದಿ ಕಂಡಾರ. ನೀವು ನನ್ನ ತಂತಿ ಅಂತ ಬರದ್ರಿ. ನಿಮಗದು ಒಂದು ಸಾಲು. ಆದೆಮ್ಮನ ಮಗಳು ನನ್ನ ಕಂಡ್ರ ಓಣಿ ಬದಲಸ್ತಾಳ. ಆಮ್ಯಾಲ ಒಂದು ಗಾಡೀನೂ ನನ್ನ ಬಾಗಿಲಿಗೆ ಬರಲಿಲ್ಲ. ತಂತಿ ಕೆಟ್ರ ಹೆಂಗಿರ್ತದ ಅಂತ ಅವನಿಗೂ ತಿಳೀಲಿ ಅಂದೆ."

ಆದೆಮ್ಮನಿಗೆ ಮಗಳಿದ್ದಾಳೆ ಎಂಬುದೂ ನಾಗವೇಣಿಯ ಹಳೆಯ ಕಡತದಲ್ಲಿರಲಿಲ್ಲ.

10.20ಕ್ಕೆ ಬಂಧನ. ಜೀಪು ಹತ್ತುವ ಮುಂಚೆ ಫರ್ಹೀನ್ ಸೀರೆ ಮಡಚಿ, ಅರ್ಧ ಹೊಲಿಗೆ ಉಳಿದಿದೆ ಎಂದು ಪಕ್ಕದ ಮನೆಯಾಕೆಯ ಕೈಗೆ ಕೊಟ್ಟಳು.

ಸಂಜೆ 5.30. ಕೇಸ್ ಡೈರಿಯಲ್ಲಿ ಕಾರಣವೆಂದು ನಾಗವೇಣಿ ಮೊದಲು 'ಹಳೆಯ ದ್ವೇಷ' ಎಂದಷ್ಟೇ ಬರೆದಳು. ಆಮೇಲೆ ಮುಂದುವರಿಸಿದಳು: 'ಆರೋಪಿಯು ತನ್ನದಲ್ಲದ ತಪ್ಪನ್ನು ಎರಡು ವರ್ಷ ಹೊತ್ತಿದ್ದಾಳೆ. ಆ ತಪ್ಪನ್ನು ಆಕೆಯ ಮೇಲೆ ಬರೆದವಳು ಈ ಪ್ರಕರಣದ ತನಿಖಾಧಿಕಾರಿ. ಹಳೆಯ ಬೆಸುಗೆ ಸುಸ್ಥಿತಿಯಲ್ಲಿದೆ. ಆದೆಮ್ಮನ ಸಾವಿನ ಪ್ರಕರಣವನ್ನು ಮರುತನಿಖೆಗೆ ಒಪ್ಪಿಸಬೇಕು. ಎರಡೂ ತನಿಖೆಗಳಿಂದ ನನ್ನನ್ನು ಬಿಡುಗಡೆ ಮಾಡಬೇಕು.'

ಮೂಕಪ್ಪ ಎರಡು ಸಲ ಓದಿದ. "ಮೇಡಂ, ಇದು ಮ್ಯಾಲ ಹೋದ್ರ ನಿಮ್ಮ ನೌಕರಿಗೆ ಕುತ್ತು ಬರ್ತದ್ರಿ."

"ಗೊತ್ತದ. ನೀವು ಮುದ್ರಿ ಹಾಕ್ರಿ."