ಜವುಗು ದಾಟಿದ್ದು ಎರಡು ಸಲ

ನಕಾಶೆಯ ತುಂಬ ಬಣ್ಣ ಬಂದಿತ್ತು. ನಡುವೆ ಅಂಗೈ ಅಗಲದ ಬಿಳಿ ಜಾಗ ಮಾತ್ರ ಉಳಿದಿತ್ತು. ಸಾಹೇಬರು ಅದರ ಮೇಲೆ ಟೀ ಲೋಟ ಇಟ್ಟು, "ಇದೊಂದು ಮುಗಿಸಿಬಿಡಿ" ಎಂದರು, ಅಂಗಡಿಯಿಂದ ಸೋಪು ತಂದುಬಿಡಿ ಅನ್ನುವ ಹಾಗೆ.

ಆ ಬಿಳಿ ಜಾಗವೇ ಜವುಗು. ಅಲ್ಲಿ ರಸ್ತೆಯಿಲ್ಲ, ಕಾಲುದಾರಿಯೂ ಇಲ್ಲ. ಗಾಳಿಯಲ್ಲಿ ಮೀಥೇನ್ ಎಷ್ಟಿದೆ ಎಂದು ಅಳೆಯುತ್ತ ಮೂವರ ತಂಡ ಉಳಿದ ಸೀಮೆಯನ್ನೆಲ್ಲ ಜೀಪಿನಲ್ಲಿ ಸುತ್ತಿ ಬಂದಿತ್ತು. ಕಸದ ಗುಡ್ಡ, ದನದ ಕೊಟ್ಟಿಗೆ, ಚರಂಡಿ. ಜನ ಮೂಗು ಮುಚ್ಚಿಕೊಳ್ಳುವಲ್ಲೆಲ್ಲ ಇವರಿಗೆ ಕೆಲಸ. ಮೀಥೇನಿಗೆ ಮಾತ್ರ ವಾಸನೆಯೇ ಇಲ್ಲ. ಇದ್ದಿದ್ದರೆ ಈ ಮೂವರ ಸೊಂಟ ಇಷ್ಟು ನೋಯುತ್ತಿರಲಿಲ್ಲ.

ಅಳೆಯುವ ಯಂತ್ರವನ್ನು ಎಳೆಗೂಸಿನಂತೆ ಬೆನ್ನಿಗೆ ಕಟ್ಟಿಕೊಂಡು ತಿರುಗುವವಳನ್ನು ಎಲ್ಲರೂ ಯಂತ್ರದಮ್ಮ ಎನ್ನುತ್ತಿದ್ದರು. ಸರ್ವೇಯರನ ಎತ್ತರ ನೋಡಿ ಅವನಿಗೆ ಕಂಬ ಎಂಬ ಹೆಸರು ಬಿದ್ದಿತ್ತು. ಡ್ರೈವರ್ ಖಾಲಿ ರಸ್ತೆಯಲ್ಲೂ ಹಾರನ್ ಹೊಡೆಯುವ ಆಸಾಮಿ, ಹೊಟ್ಟೆ ಬೇರೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಅವನು ಹಾರನ್ನಣ್ಣ.

ಜವುಗಿನ ಅಂಚಿನಲ್ಲಿ ಸಾಲುಮನೆಗಳ ಒಂದು ಬೀದಿ. ಅದರಡಿಯಲ್ಲಿ ಎಂದೋ ಮುಚ್ಚಿದ ಕಲ್ಲಿದ್ದಲು ಗಣಿ. ಬೇರೆ ಬಯಲುಗಳಲ್ಲಿ ಯಂತ್ರ ಎರಡು ತೋರಿಸಿತ್ತು, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎರಡು ಪಾಲು ಮೀಥೇನ್. ಅದು ಎಲ್ಲ ಕಡೆ ಇರುವಷ್ಟೇ. ಈ ಬೀದಿಯಲ್ಲಿ ಎಂಟು! "ಅದು ಜವುಗಿನ ಗಾಳಿ ಕಣಮ್ಮ, ಪ್ರಕೃತಿ" ಎಂದು ಗಣಿ ಆಫೀಸಿನವರು ಕೈ ತೊಳೆದುಕೊಂಡಿದ್ದರು. ಜವುಗಿನದಾದರೆ ಚಿಂತೆಯಿಲ್ಲ, ಬೀಸಿ ಹೋಗುತ್ತದೆ. ಗಣಿಯದಾದರೆ ಮನೆಗಳ ನೆಲದಡಿಯಿಂದಲೇ ಏಳುತ್ತಿದೆ ಎಂದರ್ಥ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಒಂದು ಬೆಂಕಿಕಡ್ಡಿ ಸಾಕು.

ಆ ಬೀದಿಯ ಕೊನೆಯ ಮನೆ ಯಂತ್ರದಮ್ಮನ ಅಕ್ಕನದು. ತಂಗಿ ಹೇಳಿದಳೆಂದು ಅಕ್ಕ ಚಳಿಗಾಲವಿಡೀ ಕಿಟಕಿ ಮುಚ್ಚಿರಲಿಲ್ಲ. ಮನೆಯೊಳಗೂ ಅಳೆದಿದ್ದಾಗಿತ್ತು, ಕಿಟಕಿ ತೆರೆದ ಮನೆಯಲ್ಲಿ ಹೊರಗಿನ ಗಾಳಿಯೇ ಒಳಗೂ, ಅದೇ ಎಂಟು. ಉಳಿದವರು ಯಂತ್ರ ಕಂಡರೆ ಬಾಗಿಲೇ ತೆರೆಯುತ್ತಿರಲಿಲ್ಲ.

ಹೊರಡುವ ಬೆಳಿಗ್ಗೆ ಅಕ್ಕ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಮಕ್ಕಳು ಸರದಿಯ ಮೇಲೆ ಕೆಮ್ಮುತ್ತಿದ್ದರು.

"ಚಿಕ್ಕದಕ್ಕೆ ಜ್ವರ. ಅತ್ತೆ ಮಾತು ಬಿಟ್ಟಿದ್ದಾರೆ. ಬೀದಿಯವರೆಲ್ಲ ನನ್ನ ನೋಡಿ ನಗ್ತಾರೆ. ಇವತ್ತು ಸಂಜೆ ಮುಚ್ಚಿಬಿಡ್ತೀನಿ ಕಣೇ."

"ಸಂಜೆ ತನಕ ತಡ್ಕೋ. ಬಂದು ಹೇಳ್ತೀನಿ."

"ಏನ್ ಹೇಳ್ತೀಯ?"

"ಯಂತ್ರ ಏನ್ ಹೇಳುತ್ತೋ ಅದನ್ನ."

ಲೆಕ್ಕ ಸರಳವಾಗಿತ್ತು. ಗಾಳಿ ಜವುಗಿನಿಂದ ಬೀದಿಯ ಕಡೆಗೆ ಬೀಸುತ್ತಿತ್ತು. ಜವುಗಿನ ಮೇಲೂ ಎಂಟಿದ್ದರೆ ಗಣಿಯವರ ಮಾತು ನಿಜ. ಎರಡೇ ಇದ್ದರೆ ಶುದ್ಧ ಸುಳ್ಳು.

ಜವುಗು ದೂರದಿಂದ ಸುಮ್ಮನೆ ಮಲಗಿದ ಹುಲ್ಲುಗಾವಲಿನ ಹಾಗೆ ಕಂಡಿತು. ಹತ್ತಿರ ಹೋದಾಗ ಅದರ ನಿಜ ಬಣ್ಣ ತಿಳಿಯಿತು. ಒಣಗಿದ ಹುಲ್ಲಿನ ಗುಪ್ಪೆಗಳು, ಅವುಗಳ ನಡುವೆ ಕಪ್ಪು ನೀರು, ನೀರಿನ ಮೇಲೆ ಚಹಾದ ಕೆನೆಯಂಥ ತೆಳು ಪೊರೆ. ಎಲ್ಲೂ ಒಂದು ಮರವಿಲ್ಲ. ಆಕಾಶ ತೊಳೆಯದ ಪಾತ್ರೆಯ ಬಣ್ಣಕ್ಕಿತ್ತು. ಆಚೆ ದಡದಲ್ಲಿ ಒಂದು ಬೋಳು ಬಂಡೆ ಕಾಣುತ್ತಿತ್ತು; ಅಲ್ಲಿಯವರೆಗೆ ಹೋಗಿ ಬರಬೇಕು. ಎಷ್ಟು ನಡೆದರೂ ಆ ಬಂಡೆ ಇದ್ದಲ್ಲೇ ಇತ್ತು, ಬೇಕೆಂದೇ ಹಿಂದೆ ಸರಿಯುತ್ತಿದೆಯೇನೋ ಅನ್ನಿಸುವಷ್ಟು.

ಮುಂದೆ ಕಂಬ. ಉದ್ದದ ಕೋಲನ್ನು ಕೆಸರಿಗೆ ಚುಚ್ಚಿ, ನೆಲ ಗಟ್ಟಿಯಿದ್ದರೆ ಹೆಜ್ಜೆ. ನಡುವೆ ಯಂತ್ರದಮ್ಮ. ಕೊನೆಗೆ ಹಗ್ಗದ ಸುರುಳಿ ಹೊತ್ತ ಹಾರನ್ನಣ್ಣ, ಪ್ರತಿ ಹೆಜ್ಜೆಗೂ ಒಂದು ಶಾಪ ಹಾಕುತ್ತ. ಅಳೆಯುವ ಜಾಗ ಬಂದಾಗ ಅದೇ ಕೋಲನ್ನು ಕೆಸರಿಗೆ ನೆಟ್ಟು, ಯಂತ್ರದ ಗಾಳಿಕೊಳವೆಯನ್ನು ಅದಕ್ಕೆ ಸಿಕ್ಕಿಸುತ್ತಿದ್ದರು. ಎರಡು ಕೋಲು ಹೊರುವುದು ತಪ್ಪಿತೆಂದು ಮೂವರಿಗೂ ಒಳಗೊಳಗೇ ಹೆಮ್ಮೆ. ಆಫೀಸಿನಲ್ಲಿ ಸಾಹೇಬರು ಇದಕ್ಕೆ ಬೆನ್ನು ಬೇರೆ ತಟ್ಟಿದ್ದರು.

ಮೊದಲ ಜಾಗದಲ್ಲಿ ಯಂತ್ರ ಒಂಬತ್ತು ತೋರಿಸಿತು.

ಎರಡನೆಯದರಲ್ಲಿ ಹನ್ನೊಂದು.

ಮೂರನೆಯ ಜಾಗಕ್ಕೆ ಬಂದರು. ಅಲ್ಲಿಯೂ ಒಂಬತ್ತು. ಯಂತ್ರದಮ್ಮ ಅಂಕಿಯನ್ನು ಮತ್ತೊಮ್ಮೆ ನೋಡಿದಳು. ಹಾಗಾದರೆ ಜವುಗೇ. ಗಣಿಯವರು ಹೇಳಿದ್ದೇ ಸರಿ. ಚಳಿಗಾಲವಿಡೀ ಆ ಮಕ್ಕಳನ್ನು ಸುಮ್ಮಸುಮ್ಮನೆ ನಡುಗಿಸಿದಳು ತಾನು! ಆಯಾಸ ಕಾಲಿನಿಂದ ಎದ್ದು ತಲೆಯವರೆಗೆ ಬಂತು.

"ಸಾಕು, ವಾಪಸ್ ಹೋಗೋಣ್ವಾ?" ಎಂದ ಹಾರನ್ನಣ್ಣ.

"ಬಂಡೆ ತನಕ ಅಂದ್ರೆ ಬಂಡೆ ತನಕ" ಎಂದಳು ಅವಳು. ಧ್ವನಿಯಲ್ಲಿ ಜೀವ ಇರಲಿಲ್ಲ.

ಬಂಡೆ ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಮೂವರೂ ಮೂಟೆಗಳಂತೆ ಬಿದ್ದುಕೊಂಡು ಬಿಸ್ಕತ್ತು ಅಗಿದರು. ಯಂತ್ರ ಅವಳ ಮಡಿಲಲ್ಲಿ ಗುಂಯ್‌ಗುಟ್ಟುತ್ತಿತ್ತು, ಕೊಳವೆ ಬಂಡೆಯ ಮೇಲೆ ಬಿದ್ದಿತ್ತು. ಅವಳು ಸುಮ್ಮನೆ ಕಣ್ಣಾಡಿಸಿದಳು. ಎರಡು.

"ಕೆಟ್ಟೋಯ್ತೇನೋ" ಎಂದುಕೊಂಡಳು.

ಕಂಬ ಎದ್ದು, ಕೆಲಸ ಮುಗಿಸುವ ಅವಸರದಲ್ಲಿ ಕೋಲನ್ನು ಬಂಡೆಯ ಬುಡದ ಕೆಸರಿಗೆ ನೆಟ್ಟು ಕೊಳವೆ ಸಿಕ್ಕಿಸಿದ. ಅಂಕಿ ಸರಸರನೆ ಏರಿತು. ಐದು, ಒಂಬತ್ತು, ಹನ್ನೆರಡು. ಕೋಲಿನ ಬುಡದಲ್ಲಿ ಗುಳುಗುಳು ಎಂದು ಗುಳ್ಳೆಗಳು ಏಳುತ್ತಿದ್ದವು.

"ಕೋಲು ಕೀಳು" ಎಂದಳು ಯಂತ್ರದಮ್ಮ.

"ಈಗ ತಾನೇ ನೆಟ್ಟೆ..."

"ಕೀಳು ಅಂದೆನಲ್ಲ!"

ಕೋಲು ಬಂತು. ಗುಳ್ಳೆಗಳು ನಿಂತವು. ಅಂಕಿ ನಿಧಾನಕ್ಕೆ ಇಳಿದು ಎರಡಕ್ಕೆ ಬಂದು ಕೂತಿತು.

ಮೂವರೂ ಕೋಲನ್ನೇ ನೋಡಿದರು. ಕೆಸರಿನ ತಳದಲ್ಲಿ ಎಷ್ಟೋ ವರ್ಷದಿಂದ ತೆಪ್ಪಗೆ ಕೂತಿದ್ದ ಮೀಥೇನನ್ನು ಚುಚ್ಚಿ ಎಬ್ಬಿಸಿ, ಅದನ್ನೇ ಯಂತ್ರಕ್ಕೆ ಉಣಿಸಿ, ಮುಖ ಸಪ್ಪೆ ಮಾಡಿಕೊಂಡು ನಡೆದಿದ್ದರು. ಬೆನ್ನು ತಟ್ಟಿಸಿಕೊಂಡ ಜಾಣತನ!

"ಬೆಳಗಿಂದ ಮಾಡಿದ್ದೆಲ್ಲ ಹಾಳು" ಎಂದ ಕಂಬ. ಉದ್ದ ಆಸಾಮಿ ಆ ಹೊತ್ತಿಗೆ ಗಿಡ್ಡನಾಗಿ ಕಂಡ.

"ಹೋಗ್ತಾ ಮತ್ತೆ ಅಳೀಬೇಕು" ಎಂದಳು ಅವಳು. "ನಾನು ನಿಮ್ಮ ದಾರೀಲಿ ಬರಲ್ಲ. ನೀವು ಕಾಲಿಟ್ಟಲ್ಲೆಲ್ಲ ಗುಳ್ಳೆ ಏಳುತ್ತೆ. ಗಾಳಿ ಬರೋ ಕಡೆ, ಹಗ್ಗದಷ್ಟು ದೂರದಲ್ಲಿ ಗುಪ್ಪೆ ಮೇಲೆ ನಡೀತೀನಿ. ಕೊಳವೆ ಕೈಯಲ್ಲೇ ಎತ್ತಿ ಹಿಡೀತೀನಿ."

"ಕೋಲು ಚುಚ್ಚದೆ ನೆಲ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ."

ಕಂಬ ಬೈದ, ಬೇಡವೆಂದ, ಸಾಹೇಬರ ಹೆಸರೆತ್ತಿದ. ಕೊನೆಗೆ ಹಗ್ಗವನ್ನು ಅವಳ ಸೊಂಟಕ್ಕೆ ತಾನೇ ಕಟ್ಟಿ, ಗಂಟನ್ನು ಎರಡೆರಡು ಸಲ ಎಳೆದು ನೋಡಿದ.

ಗುಪ್ಪೆಯಿಂದ ಗುಪ್ಪೆಗೆ ಅವಳು ಕೊಕ್ಕರೆಯಂತೆ ಕಾಲಿಡುತ್ತ ನಡೆದಳು. ನಿಂತು, ಕೊಳವೆ ಎತ್ತಿ, ಗಾಳಿ ತಿಳಿಯಾಗುವವರೆಗೆ ಕಾದಳು. ಎರಡು. ಮುಂದಿನ ಜಾಗದಲ್ಲೂ ಎರಡು. ತೋಳು ಸೋತಿತ್ತು, ಆದರೂ ಮುಖದಲ್ಲಿ ಸ್ವಲ್ಪ ರಕ್ತ ಬಂದಿತ್ತು.

ಆಗಲೇ ಒಂದು ಗುಪ್ಪೆ ಬುಡ ಕಿತ್ತು ಮಗುಚಿತು.

ಸೊಂಟದವರೆಗೆ ಹೋದಳು. ಕೆಸರು ಮಂಜಿನಂತೆ ಕೊರೆಯಿತು.

"ಅಲ್ಲಾಡ್ಬೇಡ!" ಕಂಬ ಕೂಗಿದ. "ಯಂತ್ರ ಬಿಚ್ಚಿ ಎಸಿ!"

"ಎಸೆಯಲ್ಲ!"

"ಎಸಿಯೇ ಮಾರಾಯ್ತಿ!"

ಕೆಸರು ಎದೆಗೇರಿತು. ಅವಳು ಚೀಲವನ್ನು ಬಿಚ್ಚಿದಳು, ಆದರೆ ಎಸೆಯಲಿಲ್ಲ. ತಲೆಯ ಮೇಲೆ ಹೊತ್ತು ಹಿಡಿದಳು. ಈ ಅಂಕಿಗಳೆಲ್ಲ ಅದರೊಳಗಿದ್ದವು. ಅಕ್ಕನ ಕಿಟಕಿಯೂ ಅದರೊಳಗೇ ಇತ್ತು.

ಕಂಬ ಹೊಟ್ಟೆಯ ಮೇಲೆ ತೆವಳಿ ಬಂದು ಕೋಲನ್ನು ಅವಳೆದುರು ಅಡ್ಡ ಇಟ್ಟ. ಹಾರನ್ನಣ್ಣ ಹಗ್ಗವನ್ನು ಹೊಟ್ಟೆಗೆ ಸುತ್ತಿಕೊಂಡು, ಎರಡು ಗುಪ್ಪೆಗಳ ನಡುವೆ ಕುಳಿತೇಬಿಟ್ಟ. ಅವನನ್ನು ಅಲ್ಲಾಡಿಸುವ ಶಕ್ತಿ ಆ ಜವುಗಿಗೂ ಇರಲಿಲ್ಲ.

"ಎಳೀ!"

ಎಳೆದರು. ಮತ್ತೆ ಎಳೆದರು. ಒಂದು ಬೂಟು ಒಳಗೇ ಉಳಿಯಿತು. ಅವಳು ಬಂದಳು, ಮೀನಿನ ಹಾಗೆ ಜಾರುತ್ತ, ಚೀಲ ಮೇಲೆತ್ತಿಕೊಂಡೇ.

ಬಹಳ ಹೊತ್ತು ಮೂವರೂ ಬಿದ್ದಲ್ಲೇ ಬಿದ್ದಿದ್ದರು.

"ಇನ್ನೊಮ್ಮೆ ನನ್ನ ಹೊಟ್ಟೆ ಬಗ್ಗೆ ಯಾರಾದ್ರೂ ಮಾತಾಡಿದ್ರೆ ನೋಡಿ" ಎಂದ ಹಾರನ್ನಣ್ಣ. ಯಾರಿಗೂ ನಗುವ ತ್ರಾಣ ಇರಲಿಲ್ಲ. ಕಂಬ ತನ್ನ ಕಾಲ್ಚೀಲ ಬಿಚ್ಚಿ ಅವಳ ಬರಿಗಾಲಿಗೆ ಹಾಕಿದ.

ಉಳಿದ ಜಾಗಗಳಲ್ಲೂ ಅವಳು ನಿಂತಳು. ನಿಲ್ಲದಿದ್ದರೆ ಬಂದದ್ದೇ ದಂಡ. ಎಲ್ಲ ಕಡೆ ಎರಡು. ಕೊನೆಯ ಗುಪ್ಪೆಯ ಮೇಲೆ, ಬೀದಿಯ ಮನೆಗಳ ಹಿತ್ತಲು ಕಾಣುವಷ್ಟು ಹತ್ತಿರದಲ್ಲೂ ಎರಡೇ. ಬೀದಿಗೆ ಕಾಲಿಟ್ಟಾಗ ಎಂಟು.

ಸಂಜೆಯಾಗುತ್ತಿತ್ತು. ಕಂಬ ಫೋನಿನಲ್ಲಿ ಸಾಹೇಬರಿಗೆ ವಿಷಯ ಹೇಳುತ್ತಿದ್ದ. ಬೆಳಗಿನ ತಪ್ಪನ್ನೂ ಮುಚ್ಚಿಡದೆ ಹೇಳಿದ. ಅಕ್ಕ ಕಿಟಕಿಯ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ಕೆಸರಿನ ಬೊಂಬೆಯಂತೆ ಬಂದ ತಂಗಿಯನ್ನು ನೋಡಿ ಚಿಲಕದಿಂದ ಕೈ ತೆಗೆದಳು.

"ಜವುಗಿನದಲ್ಲ ಅಕ್ಕಾ."

ಅಕ್ಕ ನೆಲ ನೋಡಿದಳು. ದಿನಾ ಗುಡಿಸಿ ಒರೆಸಿದ ನೆಲ, ಮಕ್ಕಳು ಅಂಬೆಗಾಲಿಟ್ಟ ನೆಲ. ತಂಗಿಗೆ ಗೆದ್ದ ಸಂತೋಷ ಆಗಬೇಕಿತ್ತು. ಅಳು ಬಂತು.

"ಹಾಗಾದ್ರೆ ಇನ್ನೂ ತೆಗೆದೇ ಇಡ್ಲಾ?"

"ಈ ಮನೇಲಿ ಇರೋದೇ ಬೇಡ. ಮಕ್ಕಳನ್ನ ಎತ್ಕೊ. ಅತ್ತೇನೂ ಕರಿ."

ಹಾರನ್ನಣ್ಣ ಬೀದಿಯುದ್ದಕ್ಕೂ ಜೀಪು ಓಡಿಸುತ್ತ ಹಾರನ್ ಹೊಡೆದ. ಅಂದು ಮಾತ್ರ ಯಾರೂ ಅವನನ್ನು ಬೈಯಲಿಲ್ಲ. ಬಾಗಿಲುಗಳು ಒಂದೊಂದಾಗಿ ತೆರೆದವು, ಆಮೇಲೆ ಕಿಟಕಿಗಳು. ಜನ ಹಾಸಿಗೆ ಸುತ್ತಿಕೊಂಡು ಶಾಲೆಯ ಕಡೆ ನಡೆದರು. ಮರುದಿನ ಗಣಿ ಆಫೀಸಿನವರು ಒಳಗಿನ ಮೀಥೇನ್ ಹೊರಹೋಗಲೆಂದು, ಗಣಿಗೆ ಗಾಳಿಯಾಡಲು ಹಿಂದೆ ತೋಡಿದ್ದ ಬಾವಿಯ ಮುಚ್ಚಳ ಒಡೆಸಲು ಬಂದರು. ಅವರ ಯಂತ್ರವೂ ಮುಚ್ಚಳದ ಬಿರುಕಿನಲ್ಲಿ ಕಿರುಚಿಕೊಂಡಿತಂತೆ.

ಜವುಗು ದಾಟಿ ಬಂದ ಆ ರಾತ್ರಿ, ಗಣಿಯಿಂದ ದೂರದಲ್ಲಿದ್ದ ಯಂತ್ರದಮ್ಮನ ಒಂಟಿ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚ ಅತ್ತೆಗೆ ಹೋಯಿತು. ಮಕ್ಕಳು ಚಾಪೆಯ ಮೇಲೆ ಒತ್ತೊತ್ತಾಗಿ ಮಲಗಿದ್ದರು, ಚಿಕ್ಕದು ಇನ್ನೂ ಕೆಮ್ಮುತ್ತಿತ್ತು. ಅವಳು ಬಾಗಿಲ ಬಳಿ ಗೋಡೆಗೊರಗಿ ಕಾಲಿನ ಕೆಸರು ಕೆರೆಯುತ್ತಿದ್ದಳು. ಅಕ್ಕ ಎದ್ದು ಕಿಟಕಿಯ ಹತ್ತಿರ ಹೋದಳು. ಚಿಲಕ ಹಿಡಿದಳು, ಎಳೆಯಲಿಲ್ಲ. ತಿರುಗಿ ತಂಗಿಯನ್ನು ನೋಡಿದಳು.

"ಇಲ್ಲಿ ಮುಚ್ಚಬಹುದಾ?"

"ಮುಚ್ಚಕ್ಕಾ."

ಅಕ್ಕ ಕಿಟಕಿ ಮುಚ್ಚಿದಳು.